ಭತ್ತದ ಸೀಸನ್ ನಡುವೆ ನನ್ನ ಎಂಬಿಎ

ಆನ್‌ಲೈನ್‌ನಲ್ಲಿ ಎಂಬಿಎ ಮಾಡಿದರೆ ಲಾಭವೋ ನಷ್ಟವೋ ಅಂತ ನನ್ನನ್ನು ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕೆಲಸ ಬಿಡದೆ ಓದುತ್ತಿದ್ದೇನೆ, ಈಗ ಮೂರನೇ ಸೆಮಿಸ್ಟರ್. ಈ ಸುದ್ದಿ ಕಾರಟಗಿ, ಸಿಂಧನೂರಿನ ಗಿರಣಿಗಳಲ್ಲಿ, ದಲಾಲಿ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಹುಡುಗ ಹುಡುಗಿಯರಿಗೆ ಹೇಗೋ ಮುಟ್ಟಿದೆ. "ಅಕ್ಕಾರ, ಫೀಸು ಎಷ್ಟಾತು?" ಅಂತಲೇ ಮಾತು ಶುರುವಾಗುತ್ತದೆ. ನಾನು ಫೀಸು ಹೇಳುವ ಮೊದಲು ಅವರು ಈಗ ಏನು ಕೆಲಸ ಮಾಡುತ್ತಿದ್ದಾರೆ ಅಂತ ಕೇಳುತ್ತೇನೆ. ಓದಿದ್ದನ್ನು ಮರುದಿನವೇ ಪರೀಕ್ಷೆ ಮಾಡಿ ನೋಡಲು ಕೈಯಲ್ಲಿ ಒಂದು ಕೆಲಸ ಇದ್ದರೆ ಈ ಪದವಿ ಕೊಟ್ಟ ದುಡ್ಡಿಗಿಂತ ಜಾಸ್ತಿ ಕೊಡುತ್ತದೆ. ಇಲ್ಲದಿದ್ದರೆ ಕಡಿಮೆ ಫೀಸೂ ಭಾರವೇ.

ನಾನು ಸೇರಿರುವುದು ಒಂದು ಸರ್ಕಾರಿ ಮುಕ್ತ ವಿಶ್ವವಿದ್ಯಾಲಯ. ನಾಲ್ಕು ಸೆಮಿಸ್ಟರ್ ಸೇರಿ 60 ಸಾವಿರದ ಆಚೀಚೆ ಆಗುತ್ತದೆ. ಸೆಮಿಸ್ಟರ್‌ಗೊಮ್ಮೆ ಕಟ್ಟುವುದರಿಂದ ಸಂಬಳದಲ್ಲೇ ಹೊಂದಿಸಿಕೊಂಡು ಬಂದಿದ್ದೇನೆ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಇದೇ ಓದು ಒಂದೂವರೆ ಲಕ್ಷ, ಎರಡು ಲಕ್ಷದವರೆಗೂ ಹೋಗುತ್ತದೆ. ಅಷ್ಟು ಕೇಳಿ ಹಿಂದೆ ಸರಿಯುವವರಿಗೆ, "ತಿಂಗಳಿಗೆ ಇಷ್ಟೇ ಮೇಡಂ, ಬಡ್ಡಿ ಇಲ್ಲ" ಅನ್ನುವ ಫೋನ್ ಬರುತ್ತದೆ. ಎಷ್ಟೋ ಸಲ ಆ ಕಂತು ಒಂದು ಫೈನಾನ್ಸ್ ಕಂಪನಿ ನಿಮ್ಮ ಹೆಸರಿನಲ್ಲಿ ಕೊಡುವ ಸಾಲ. ಓದು ನಡುವೆ ನಿಂತರೂ ಕಂತು ತಾನಾಗಿ ನಿಲ್ಲುವುದಿಲ್ಲ. ಎರಡು ಕಂತು ತಪ್ಪಿದರೆ ಸಿಬಿಲ್ ಸ್ಕೋರ್ ಕೆಡುತ್ತದೆ, ನಾಳೆ ಟ್ರ್ಯಾಕ್ಟರ್ ಸಾಲಕ್ಕೋ ಮನೆ ಸಾಲಕ್ಕೋ ಬ್ಯಾಂಕಿಗೆ ಹೋದಾಗ ಅದು ಎದುರು ಬಂದು ನಿಲ್ಲುತ್ತದೆ. ಸಹಿ ಹಾಕುವ ಮುಂಚೆ ಸಾಲ ಕೊಡುವವರು ಯಾರು ಅಂತ ಬಾಯಿಬಿಟ್ಟು ಕೇಳಿ.

ಲೆಕ್ಕ ಬರೆಯುವವಳಾಗಿ ನನಗೆ ಕಣ್ಣಿಗೆ ಬಿದ್ದ ಇನ್ನೊಂದು ಗುರುತು ಇದೆ. ಕಾನೂನಿನ ಮಾನ್ಯತೆ ಇರುವ ಪದವಿಗೆ ಶಿಕ್ಷಣ ಸಂಸ್ಥೆ ತೆಗೆದುಕೊಳ್ಳುವ ಫೀಸಿನ ಮೇಲೆ ಜಿಎಸ್‌ಟಿ ಇಲ್ಲ. ಕಂಪನಿಗಳು ಮಾರುವ ಸರ್ಟಿಫಿಕೇಟ್ ಕೋರ್ಸ್‌ಗೆ 18% ಜಿಎಸ್‌ಟಿ ಬೀಳುತ್ತದೆ. "ಮಿನಿ ಎಂಬಿಎ", "ಎಕ್ಸಿಕ್ಯುಟಿವ್ ಪ್ರೋಗ್ರಾಂ" ಅಂತೆಲ್ಲ ಹೆಸರು ಇಟ್ಟಿರುತ್ತಾರೆ. ಬಿಲ್ಲಿನಲ್ಲಿ 18% ಕಂಡರೆ ಅಲ್ಲೇ ನಿಂತು, ಕೊನೆಗೆ ಕೈಗೆ ಬರುವುದು ಪದವಿಯಾ ಬರೀ ಸರ್ಟಿಫಿಕೇಟಾ ಅಂತ ನೋಡಬೇಕು.

ಮಾನ್ಯತೆ ವಿಷಯದಲ್ಲಿ ನಮ್ಮ ಕಡೆ ಜನ ಹೆದರುವುದಕ್ಕೆ ಕಾರಣ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲ ಅಂತ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2015ರಲ್ಲಿ ಹೇಳಿತು. ಅದು ಮರಳಿ ಸಿಕ್ಕಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಓದಿದವರ ಮನೆಗಳಲ್ಲಿ ಆ ಸಂಕಟ ಇನ್ನೂ ನೆನಪಿದೆ. ಈಗ ನೋಡಿಕೊಳ್ಳುವ ದಾರಿ ಸುಲಭ. ಯುಜಿಸಿಯ ದೂರಶಿಕ್ಷಣ ಬ್ಯೂರೋ ಜಾಲತಾಣದಲ್ಲಿ ಯಾವ ವಿಶ್ವವಿದ್ಯಾಲಯ, ಯಾವ ಕೋರ್ಸ್, ಯಾವ ಪ್ರವೇಶ ಅವಧಿ ಅಂತ ಪಟ್ಟಿ ಇರುತ್ತದೆ. ವಿಶ್ವವಿದ್ಯಾಲಯದ ಹೆಸರು ಸಿಕ್ಕರೆ ಸಾಲದು, ನೀವು ಸೇರುವ ಕೋರ್ಸೂ ಅದೇ ಅವಧಿಯ ಪಟ್ಟಿಯಲ್ಲಿ ಇರಬೇಕು. 2024ರಿಂದ ಪ್ರವೇಶಕ್ಕೆ ಡೆಬ್ ಐಡಿ, ಅಂದರೆ ಆ ಬ್ಯೂರೋದ ಗುರುತಿನ ಸಂಖ್ಯೆ, ಕಡ್ಡಾಯವಾಗಿದೆ, ಅದನ್ನು ವಿದ್ಯಾರ್ಥಿಯೇ ಮಾಡಿಕೊಳ್ಳಬೇಕು. ಅದೆಲ್ಲ ಬೇಡ, ನಾವೇ ಸೀಟು ಕೊಡಿಸುತ್ತೇವೆ ಅನ್ನುವ ಸೆಂಟರ್‌ಗಳಿಂದ ದೂರ ಇರಿ. ಫ್ರಾಂಚೈಸಿ ಕೊಟ್ಟು ಪದವಿ ನಡೆಸುವುದಕ್ಕೆ ಯುಜಿಸಿ ನಿಯಮದಲ್ಲಿ ಜಾಗವೇ ಇಲ್ಲ. ಪಟ್ಟಿಯಲ್ಲಿರುವ ಕಡೆ ಓದಿದರೆ ಮಾತ್ರ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಇದು ಸಮ ಅಂತ ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಇನ್ನು ಗಿರಣಿಯ ವಿಷಯಕ್ಕೆ ಬರುತ್ತೇನೆ. ನನಗೆ ಇಷ್ಟದ ಭಾಗ ಇದೇ.

ನಮ್ಮ ಸಾಹುಕಾರರು ಏಳನೇ ಕ್ಲಾಸಿನವರೆಗೆ ಓದಿದವರು. ನಾನು ಫೀಸು ಕಟ್ಟಿದ ದಿನ, "ಯವ್ವಾ, ಇಷ್ಟು ರೊಕ್ಕ ಕೊಟ್ಟು ಓದಿ ಏನು ಮಾಡ್ತಿ? ಭತ್ತ ಕೈಯಾಗ ಹಿಡಿದು ನೋಡೂದು ಪುಸ್ತಕದಾಗ ಐತೇನು?" ಅಂದಿದ್ದರು. ಅವರ ಮಾತು ನಾನು ತಳ್ಳಿಹಾಕುವುದಿಲ್ಲ. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿದ, ಲೇಬಲ್ ಹಚ್ಚಿದ ಅಕ್ಕಿಗೆ 5% ಜಿಎಸ್‌ಟಿ ಬಂತು. ಸ್ವಲ್ಪ ದಿನದಲ್ಲೇ ಪೇಟೆಯಲ್ಲಿ 26 ಕೆಜಿ ಚೀಲ ಕಾಣಿಸಿಕೊಂಡಿತು. ಆ ಲೆಕ್ಕ ಹಾಕಲು ಇಲ್ಲಿಯ ಯಾವ ಗಿರಣಿಯವರಿಗೂ ಎಂಬಿಎ ಬೇಕಾಗಲಿಲ್ಲ. ಧಾರಣೆ ಯಾವಾಗ ಏರುತ್ತದೆ, ಯಾವ ಖರೀದಿದಾರನಿಗೆ ಉದ್ರಿ ಕೊಡಬಾರದು ಅನ್ನುವುದು ಅವರಿಗೆ ಬೆರಳ ತುದಿಯಲ್ಲಿ ಇರುತ್ತದೆ. ಹಾಗಾದರೆ ಪುಸ್ತಕದಿಂದ ನಾನು ತಂದದ್ದೇನು?

ಹಳೆ ಅಕ್ಕಿಯ ಲೆಕ್ಕ ಹೇಳುತ್ತೇನೆ. ಸೋನಾ ಮಸೂರಿ ಹಳೆಯದಾದಷ್ಟು ಅನ್ನ ಉದುರುದುರಾಗಿ ಆಗುತ್ತದೆ, ಬೆಲೆಯೂ ಜಾಸ್ತಿ. ಅದಕ್ಕೆ ಗಿರಣಿಯವರು ಸೀಸನ್‌ನಲ್ಲಿ ಭತ್ತ ಕೊಂಡು ಗೋದಾಮಿನಲ್ಲಿ ಇಡುತ್ತಾರೆ. ಎಂಟು ತಿಂಗಳ ನಂತರ ಬೆಲೆ ಏರಿದ್ದರೆ ಲಾಭ ಅಂತಲೇ ಎಲ್ಲರ ಲೆಕ್ಕ. ಮ್ಯಾನೇಜ್‌ಮೆಂಟ್ ಅಕೌಂಟಿಂಗ್ ಓದಿದ ಮೇಲೆ ನಾನು ಒಂದು ಹಾಳೆಯಲ್ಲಿ ಬರೆದು ನೋಡಿದೆ. ಒಂದು ಲಕ್ಷ ರೂಪಾಯಿಯ ಭತ್ತ ಅಂತ ಇಟ್ಟುಕೊಳ್ಳಿ. ಬ್ಯಾಂಕ್ ಬಡ್ಡಿ ವರ್ಷಕ್ಕೆ 10% ಅಂತ ಹಿಡಿದರೂ ಎಂಟು ತಿಂಗಳಿಗೆ ಸುಮಾರು 6,700 ರೂಪಾಯಿ. ಭತ್ತ ಬರುವಾಗ ತೇವಾಂಶ 17% ಇದ್ದು, ಒಣಗಿ 14%ಕ್ಕೆ ಇಳಿದರೆ 100 ಕೆಜಿ ಇದ್ದದ್ದು 96.5 ಕೆಜಿ ಆಗುತ್ತದೆ. ಅಲ್ಲಿಗೆ ಇನ್ನೂ 3,500 ಹೋಯಿತು. ಎರಡೂ ಸೇರಿ ಹತ್ತು ಸಾವಿರ ದಾಟಿತು. ಹಮಾಲಿ, ಗೋದಾಮಿನ ಬಾಡಿಗೆ, ಹುಳಕ್ಕೆ ಹೊಡೆಯುವ ಔಷಧಿ ಇನ್ನೂ ಬಾಕಿ ಇವೆ. ಅಂದರೆ ಬೆಲೆ ಶೇಕಡಾ ಹತ್ತು ಏರಿದರೂ ಇನ್ನೂ ಅಸಲೇ ಹುಟ್ಟಿಲ್ಲ.

ಸಾಹುಕಾರರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಒಣಗಿ ತೂಕ ಇಳಿಯುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬಡ್ಡಿಯೂ ಗೊತ್ತು. ಎರಡನ್ನೂ ಒಂದೇ ಕಡೆ ಕೂಡಿಸಿ ಚೀಲದ ಮೇಲೆ ಹಂಚಿದ್ದು ಮಾತ್ರ ಅವರಿಗೆ ಹೊಸದು. ಈಗ ಸ್ಟಾಕ್ ಹಿಡಿಯುವ ಮಾತು ಬಂದರೆ "ನಿನ್ನ ಹಾಳಿ ತಗೊಂಡು ಬಾ" ಅನ್ನುತ್ತಾರೆ. ಇದಾದ ಮೇಲೆ ನನ್ನ ಕೆಲಸವೂ ಬದಲಾಯಿತು. ಮೊದಲು ವೋಚರ್ ಬರೆದು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ಗೆ ಹಾಕುವುದಷ್ಟೇ ನನ್ನ ಪಾಲು. ಈಗ ಬ್ಯಾಂಕಿಗೆ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಕಳಿಸುವುದು, ಸಿಸಿ ಲಿಮಿಟ್ (ವ್ಯಾಪಾರ ನಡೆಸಲು ಬ್ಯಾಂಕ್ ಕೊಡುವ ಸಾಲದ ಮಿತಿ) ನವೀಕರಣಕ್ಕೆ ಕಾಗದ ಸಿದ್ಧ ಮಾಡುವುದು ನನ್ನದೇ. ಆಡಿಟರ್ ಕಡೆಯಿಂದ ಸಿಎಂಎ ರಿಪೋರ್ಟ್ (ಸಾಲಕ್ಕಾಗಿ ಬ್ಯಾಂಕಿಗೆ ಕೊಡುವ ಲೆಕ್ಕದ ವರದಿ) ಬಂದರೆ ಅದರಲ್ಲಿ ಏನಿದೆ ಅಂತ ಓದಿ ಪ್ರಶ್ನೆ ಕೇಳುತ್ತೇನೆ. ಪದವಿ ಇನ್ನೂ ಕೈಗೆ ಬಂದಿಲ್ಲ, ಆದರೆ ಸಂಬಳ ಆಗಲೇ ಏರಿದೆ.

ನುಚ್ಚು, ತೌಡು, ಹೊಟ್ಟಿನ ಲೆಕ್ಕವೂ ಹೀಗೆಯೇ. ಒಂದು ಕ್ವಿಂಟಲ್ ಭತ್ತಕ್ಕೆ 67 ಕೆಜಿ ಅಕ್ಕಿ ಅನ್ನುವುದು ಸರ್ಕಾರ ಖರೀದಿ ಭತ್ತಕ್ಕೆ ಇಟ್ಟ ಅಳತೆ. ಉಳಿದದ್ದಕ್ಕೆ ಬರುವ ಬೆಲೆಯಲ್ಲಿ ಗಿರಣಿಯ ಲಾಭ ನಿಂತಿರುತ್ತದೆ. ಎಣ್ಣೆ ತೆಗೆಯುವವರು ತೌಡಿಗೆ ಕೊಡುವ ದರ ಇಳಿದ ವಾರ ಅಕ್ಕಿಯ ಬೆಲೆ ಹೇಗೆ ಹಾಕಬೇಕು ಅನ್ನುವುದಕ್ಕೆ ಪಠ್ಯದಲ್ಲಿ ಒಂದು ಪೂರ್ತಿ ಅಧ್ಯಾಯವೇ ಸಿಕ್ಕಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಎಲ್ಲವೂ ಹೀಗಿಲ್ಲ. ಉದಾಹರಣೆಗಳೆಲ್ಲ ದೊಡ್ಡ ಕಂಪನಿಗಳವು, ವಿಮಾನ, ಕಾರು, ಸಾಫ್ಟ್‌ವೇರ್. ಮಾರ್ಕೆಟಿಂಗ್ ವಿಷಯ ನನಗೆ ಅಷ್ಟಕ್ಕಷ್ಟೇ. ಅದರಲ್ಲಿ ನಮ್ಮ ಪೇಟೆಗೆ ಹೊಂದುವಂಥದ್ದು ಬಹಳ ಕಡಿಮೆ. ಕಚ್ಚಾ ಮಾಲಿನ ಅಪಾಯದ ಬಗ್ಗೆ ಅಸೈನ್‌ಮೆಂಟ್ ಬಂದಾಗ ನಾನು ಪುಸ್ತಕದ ಉದಾಹರಣೆ ಬಿಟ್ಟು ತುಂಗಭದ್ರೆಯನ್ನೇ ಬರೆದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ವಾರದಲ್ಲಿ ತಾತ್ಕಾಲಿಕ ಗೇಟ್ ಕೂರಿಸುವವರೆಗೆ ಇಲ್ಲಿ ರೈತರೂ ಗಿರಣಿಯವರೂ ಸರಿಯಾಗಿ ಉಂಡಿಲ್ಲ. ನಮ್ಮ ಗಿರಣಿಯ ಭತ್ತ ಹೆಚ್ಚುಕಮ್ಮಿ ಎಲ್ಲ ಆ ಒಂದು ಜಲಾಶಯದ ನೀರಿನ ಬೆಳೆ. ಇದನ್ನು ಬರೆಯುವಾಗಲೇ ಮೇಷ್ಟ್ರು ಹೇಳುವುದಕ್ಕೂ ನಮ್ಮ ಊರಿಗೂ ನಂಟು ಹಾಕುವ ಕೆಲಸ ನಮ್ಮದೇ ಅಂತ ಅರ್ಥವಾಯಿತು. ಆನ್‌ಲೈನ್ ಓದಿನಲ್ಲಿ ಅದನ್ನು ಬೇರೆ ಯಾರೂ ಮಾಡಿಕೊಡುವುದಿಲ್ಲ.

ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷ್‌ನಲ್ಲಿ. ಕನ್ನಡ ಮಾಧ್ಯಮದಿಂದ ಬಂದ ನನಗೆ ಮೊದಲ ಸೆಮಿಸ್ಟರ್ ಬಹಳ ಕಷ್ಟವಾಯಿತು. ಅದಕ್ಕೆ ನಾನು ಎಲ್ಲರಿಗೂ ಹೇಳುವುದು, ಫೀಸು ಕಟ್ಟುವ ಮುಂಚೆ ಕೇಂದ್ರ ಸರ್ಕಾರದ 'ಸ್ವಯಂ' ಅನ್ನುವ ಜಾಲತಾಣದಲ್ಲಿ ಅಕೌಂಟಿಂಗ್‌ನ ಒಂದು ಕೋರ್ಸ್ ನೋಡಿ ಅಂತ. ಪಾಠ ಕೇಳುವುದಕ್ಕೆ ದುಡ್ಡಿಲ್ಲ. ಕೊನೆವರೆಗೂ ಕೂತು ಕೇಳಲು ಆಯಿತಾ, ಇಂಗ್ಲಿಷ್ ತಲೆಗೆ ಹೋಯಿತಾ, ಮನೆಯಲ್ಲಿ ನೆಟ್‌ವರ್ಕ್ ನಿಂತಿತಾ ಅಂತ ಅಲ್ಲೇ ಗೊತ್ತಾಗುತ್ತದೆ.

ಸಮಯದ್ದು ಬೇರೆ ಕಥೆ. ಮುಕ್ತ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ನಾಲ್ಕು ಕ್ರೆಡಿಟ್ಟಿನ ಒಂದು ವಿಷಯಕ್ಕೆ 120 ಗಂಟೆ. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ನವೆಂಬರ್, ಡಿಸೆಂಬರ್ ಅಂದರೆ ನಮ್ಮಲ್ಲಿ ಮುಂಗಾರು ಭತ್ತ ಗಿರಣಿಗೆ ಬರುವ ಕಾಲ. ವೇಬ್ರಿಜ್ ಮುಂದೆ ಲಾರಿ ಸಾಲು, ರಾತ್ರಿ ಹತ್ತಾದರೂ ಲೆಕ್ಕ ಮುಗಿಯುವುದಿಲ್ಲ. ಅದಕ್ಕೆ ನಾನು ಡಿಸೆಂಬರ್‌ನಲ್ಲಿ ಕಡಿಮೆ ಪೇಪರ್ ಬರೆಯುತ್ತೇನೆ, ಕಷ್ಟದ್ದೆಲ್ಲ ಜೂನ್‌ಗೆ. ಎರಡು ವರ್ಷದ ಓದನ್ನು ನಾಲ್ಕು ವರ್ಷದೊಳಗೆ ಮುಗಿಸಲು ಅವಕಾಶ ಇದೆ, ನನಗೆ ಎರಡೂವರೆ ಆಗಬಹುದು. ಸೀಸನ್‌ನಲ್ಲಿ ಬೆಳಗಿನ ಐದು ಗಂಟೆಗೆ ಅವ್ವ ಚಹಾ ಮಾಡಿ ಪುಸ್ತಕದ ಪಕ್ಕ ಇಡುತ್ತಾಳೆ. ಮನೆಯವರ ಈ ಆಸರೆ ಇಲ್ಲದಿದ್ದರೆ ನನ್ನ ಕೈಲಿ ಆಗುತ್ತಿರಲಿಲ್ಲ.

ಸರ್ಕಾರಿ ನೌಕರಿ ಆಸೆಯಿಂದ ಎಂಬಿಎ ಮಾಡುತ್ತೇನೆ ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ. ಎಫ್‌ಡಿಎಗೆ, ಕೆಎಎಸ್‌ಗೆ, ಬ್ಯಾಂಕ್ ಪಿಒಗೆ ಯಾವುದಾದರೂ ಒಂದು ಪದವಿ ಸಾಕು. ರಾಜ್ಯ ಸರ್ಕಾರದ ನೌಕರಿಯಲ್ಲಿ ಕಲ್ಯಾಣ ಕರ್ನಾಟಕದ ನಮಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಯೂ ಇದೆ. ಆ ಎರಡು ವರ್ಷ, ಆ ದುಡ್ಡು ಪರೀಕ್ಷೆ ತಯಾರಿಗೆ ಹಾಕಲಿ. ಕೆಲಸದ ಜವಾಬ್ದಾರಿ ಇಲ್ಲದವರು, ಹೋಗಿ ಬರಲು ಆಗುವವರು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಂಥ ಕಡೆ ಕ್ಲಾಸಿನಲ್ಲಿ ಕೂತು ಓದುವುದೇ ಒಳ್ಳೆಯದು. ಜೊತೆಗೆ ಕೂತು ಜಗಳ ಆಡಿ ಕಲಿಯುವ ಗೆಳೆಯರು ನನ್ನ ಲ್ಯಾಪ್‌ಟಾಪಿನಲ್ಲಿ ಸಿಗಲಿಲ್ಲ. ಅದು ನನಗೆ ಈಗಲೂ ಕೊರತೆಯೇ.

ಸಿಂಧನೂರಿನಲ್ಲಿ ನಮ್ಮ ಚಿಕ್ಕಮ್ಮನ ಮಗಳು ಈ ವರ್ಷ ಬಿಕಾಂ ಮುಗಿಸಿದ್ದಾಳೆ. ಸಾಲ ಮಾಡಿಯಾದರೂ ಆನ್‌ಲೈನ್ ಎಂಬಿಎ ಸೇರುತ್ತೇನೆ ಅಂತ ಹಟ ಹಿಡಿದಿದ್ದಳು. ಒಂದು ವರ್ಷ ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡು, ನಾಲ್ಕು ಅಂಗಡಿಯ ಲೆಕ್ಕ ಬರೆ, ಆಮೇಲೆ ಬೇಕು ಅನ್ನಿಸಿದರೆ ಮೊದಲ ಸೆಮಿಸ್ಟರ್ ಫೀಸು ನಾನೇ ಕಟ್ಟುತ್ತೇನೆ ಅಂದಿದ್ದೇನೆ. ಸೋಮವಾರದಿಂದ ಕಚೇರಿಗೆ ಹೋಗುತ್ತಿದ್ದಾಳೆ.