ಅಪ್ಪನ ವಾಚು, ಫೆರಾರಿ ವಾಚು

ನಿನ್ನೆ ಅಪ್ಪನ ಎಚ್‌ಎಂಟಿ ಜನತಾ ವಾಚನ್ನು ದಾವಣಗೆರೆಯ ಮಂಡಿಪೇಟೆಗೆ ರಿಪೇರಿಗೆ ಒಯ್ದಿದ್ದೆ. ಅಂಗಡಿಯವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಿಂದ ಮೇನ್ ಸ್ಪ್ರಿಂಗ್ ಎತ್ತಿ ತೋರಿಸಿದರು. ತುಂಡಾಗಿತ್ತು. "ಇಡೀ ವಾಚಿಗೆ ಇದೇ ಜೀವ ನೋಡಪ್ಪ" ಅಂದರು.

ನನಗೆ ತಕ್ಷಣ ಹ್ಯೂಬ್ಲೋ ನೆನಪಾಯಿತು. 2013ರಲ್ಲಿ ಫೆರಾರಿಯವರ ಲಾಫೆರಾರಿ ಕಾರು ಬಂದಾಗ, ಅದೇ ಹೆಸರಿನ ವಾಚನ್ನೂ ಈ ಸ್ವಿಸ್ ಕಂಪನಿ ತಂದಿತ್ತು. ಅದರೊಳಗೆ ಸ್ಪ್ರಿಂಗ್ ಸುತ್ತಿಟ್ಟ 11 ಪುಟ್ಟ ಡಬ್ಬಿಗಳಿವೆ, ಬೆನ್ನುಮೂಳೆಯ ಹಾಗೆ ಸಾಲಾಗಿ. ಒಮ್ಮೆ ಪೂರ್ತಿ ಕೀ ಕೊಟ್ಟರೆ 50 ದಿನ ಓಡುತ್ತದೆ. ಕೀ ಕೊಡೋಕೆ ಕೈ ಸಾಲದು, ಡ್ರಿಲ್ ಮಷಿನ್ನಿನಂಥ ಪುಟ್ಟ ಯಂತ್ರವೇ ಬೇಕು! ಅಪ್ಪನ ಜನತಾಗೆ ದಿನಾ ಬೆಳಿಗ್ಗೆ ಕೀ ಕೊಡಬೇಕು. ಇನ್ನು 2022ರಲ್ಲಿ ರಿಚರ್ಡ್ ಮಿಲ್ ಅನ್ನೋ ವಾಚ್ ಕಂಪನಿಯವರು ಫೆರಾರಿ ಜೊತೆ ಸೇರಿ ಮಾಡಿದ ವಾಚಿನ ದಪ್ಪ ಬರೀ 1.75 ಮಿಲಿಮೀಟರ್.

ಸುಮ್ನೆ ಡಯಲ್ ಮೇಲೆ ಕಾರಿನ ಲೋಗೋ ಹಾಕಿ ಮಾರುವುದು ನನಗೆ ಹಿಡಿಸುವುದಿಲ್ಲ. ಇವೆರಡು ಹಾಗಲ್ಲ. ಎಂಜಿನ್ ಮಾಡುವವರ ಹಟ ವಾಚಿನೊಳಗೂ ಇಳಿದಿದೆ, ಅಲ್ವಾ?

ಹೊಸ ಸ್ಪ್ರಿಂಗ್ ಶನಿವಾರ ಬರುತ್ತದಂತೆ. ಅಪ್ಪ ಬೆಳಿಗ್ಗೆಯಿಂದ ಎರಡು ಸಲ ಬರಿ ಮಣಿಕಟ್ಟು ನೋಡಿಕೊಂಡರು.