ಯೀಸ್ಟ್ ಬೆಳೆಸಲು ಯಾವ ಮೀಡಿಯಾ ಒಳ್ಳೆಯದು?

ಎಂಎಸ್ಸಿ ಪ್ರಾಜೆಕ್ಟ್‌ಗಳು ಶುರುವಾದರೆ ಸಾಕು, ವಾರಕ್ಕೊಬ್ಬರಾದರೂ ಬಂದು ಇದನ್ನೇ ಕೇಳುತ್ತಾರೆ. "ಮೇಡಂ, ಯೀಸ್ಟ್ ಬೆಳೆಸಬೇಕು. ಯಾವ ಮೀಡಿಯಾ ಮಾಡ್ಲಿ?" ಮೀಡಿಯಾ ಎಂದರೆ ಸೂಕ್ಷ್ಮಜೀವಿ ಬೆಳೆಸಲು ಕೊಡುವ ಆಹಾರದ ಮಿಶ್ರಣ. ನಾನು ತಿರುಗಿ ಕೇಳುವುದು ಒಂದೇ: "ಬೆಳೆಸಿ ಏನು ನೋಡ್ಬೇಕು?"

ಏನೂ ನೋಡಬೇಕಿಲ್ಲ, ಸುಮ್ನೆ ಬೆಳೆಯಬೇಕು ಎಂದರೆ ವೈಪಿಡಿ ಮಾಡಿ. ಒಂದು ಲೀಟರಿಗೆ 10 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್, 20 ಗ್ರಾಂ ಪೆಪ್ಟೋನ್, 20 ಗ್ರಾಂ ಗ್ಲೂಕೋಸ್. ಪ್ಲೇಟ್ ಹಾಕುವುದಾದರೆ ಗಟ್ಟಿಯಾಗಲು 20 ಗ್ರಾಂ ಅಗಾರ್. ಬೇಕರಿ ಯೀಸ್ಟ್, ಅಂದರೆ ಸ್ಯಾಕರೋಮೈಸಿಸ್ ಸೆರೆವಿಸಿಯೆ, 30 ಡಿಗ್ರಿಯಲ್ಲಿ ಇದರೊಳಗೆ ಸುಮಾರು ಒಂದೂವರೆ ಗಂಟೆಗೊಮ್ಮೆ ದುಪ್ಪಟ್ಟಾಗುತ್ತದೆ. ಎರಡು ದಿನಕ್ಕೆ ಕೆನೆಬಣ್ಣದ ಕಾಲೊನಿಗಳು ಎದ್ದು ಕಾಣುತ್ತವೆ. ದುಡ್ಡು ಕಡಿಮೆ ಇದೆಯೇ? 200 ಗ್ರಾಂ ಆಲೂಗಡ್ಡೆ ಬೇಯಿಸಿ, ಆ ನೀರು ಸೋಸಿ, 20 ಗ್ರಾಂ ಗ್ಲೂಕೋಸ್ ಮತ್ತು ಅಗಾರ್ ಹಾಕಿ ಒಂದು ಲೀಟರ್ ಮಾಡಿಕೊಂಡರೂ ಯೀಸ್ಟ್ ಬೆಳೆಯುತ್ತದೆ.

ಆದರೆ ವೈಪಿಡಿಯಲ್ಲಿ ಎಲ್ಲವೂ ಬೆಳೆಯುತ್ತದೆ. ತೊಂದರೆ ಇರುವುದೇ ಅಲ್ಲಿ. ಒಮ್ಮೆ ಒಬ್ಬ ಹುಡುಗ ಯುರಾಸಿಲ್ (ಆರ್‌ಎನ್‌ಎಗೆ ಬೇಕಾದ ವಸ್ತು) ಮಾಡಿಕೊಳ್ಳಲಾಗದ ಸ್ಟ್ರೇನ್‌ಗೆ, ಅಂದರೆ ತಳಿಗೆ, ಅದನ್ನು ಮಾಡುವ ಜೀನ್ ಹೊತ್ತ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರ ಸೇರಿಸಿ, ವೈಪಿಡಿ ಮೇಲೆ ಹರಡಿ ತಂದ. ಪ್ಲೇಟ್ ತುಂಬಾ ಹಾಸಿಗೆ ಹಾಸಿದ ಹಾಗೆ ಬೆಳೆದಿತ್ತು. ಅವನಿಗೋ ಖುಷಿ. ಪ್ಲಾಸ್ಮಿಡ್ ಒಳಹೊಕ್ಕ ಕೋಶ ಯಾವುದು, ಹೊಗದ ಕೋಶ ಯಾವುದು ಎಂದು ಕೇಳಿದೆ. ಪಾಪ, ಮುಖ ಸಣ್ಣದಾಯಿತು. ಯೀಸ್ಟ್ ಎಕ್ಸ್‌ಟ್ರಾಕ್ಟ್‌ನಲ್ಲೇ ಯುರಾಸಿಲ್ ಇದೆ. ಹಾಗಾಗಿ ಎರಡೂ ಹೊಟ್ಟೆ ತುಂಬಾ ತಿಂದು ಬೆಳೆದಿದ್ದವು. ಅವನಿಗೆ ಬೇಕಾಗಿದ್ದದ್ದು ಬಡ ಮೀಡಿಯಾ: ಅಮಿನೋ ಆಸಿಡ್ ಇಲ್ಲದ ಯೀಸ್ಟ್ ನೈಟ್ರೋಜನ್ ಬೇಸ್ (ಲವಣ, ವಿಟಮಿನ್‌ಗಳ ಪುಡಿ) ಲೀಟರಿಗೆ 6.7 ಗ್ರಾಂ, 20 ಗ್ರಾಂ ಗ್ಲೂಕೋಸ್, ಮತ್ತು ಆ ಸ್ಟ್ರೇನ್‌ಗೆ ಬೇಕಾದದ್ದರಲ್ಲಿ ಯುರಾಸಿಲ್ ಒಂದನ್ನು ಬಿಟ್ಟು ಉಳಿದದ್ದೆಲ್ಲ. ಅಲ್ಲಿ ಪ್ಲಾಸ್ಮಿಡ್ ಇದ್ದ ಕೋಶ ಮಾತ್ರ ಕಾಲೊನಿ ಮಾಡುತ್ತದೆ. ನಿಧಾನ, ನಿಜ. ಮೂರು ದಿನ ಕಾಯಬೇಕು.

ಕೋಶದ ಉಸಿರಾಟ ನಡೆಸುವ ಮೈಟೋಕಾಂಡ್ರಿಯಾ ಸರಿಯಿದೆಯೇ ಎಂದು ನೋಡಬೇಕಾದರೂ ಇದೇ ದಾರಿ. ಗ್ಲೂಕೋಸ್ ತೆಗೆದು ಗ್ಲಿಸರಾಲ್ ಕೊಡಿ. ಗ್ಲಿಸರಾಲ್ ತಿಂದು ಬದುಕಲು ಉಸಿರಾಟ ಬೇಕೇ ಬೇಕು. ಮೈಟೋಕಾಂಡ್ರಿಯಾ ಕೆಟ್ಟ ಸ್ಟ್ರೇನ್ ಅಲ್ಲಿ ಬೆಳೆಯುವುದಿಲ್ಲ.

ಈಚೆಗೆ ಜಾಸ್ತಿ ಬರುವುದು ದ್ರಾಕ್ಷಿಯ ಪ್ರಶ್ನೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ಬೆಂಗಳೂರು ಬ್ಲೂ ನಮಗೆ ಕೈಗೆಟುಕುವ ಹಣ್ಣು, ಹುಡುಗರಿಗೆ ಅದರಿಂದ ವೈನ್ ಯೀಸ್ಟ್ ತೆಗೆಯುವ ಆಸೆ. ನನಗೂ ಈ ಕೆಲಸ ತುಂಬಾ ಇಷ್ಟ. ಸಿಪ್ಪೆಯ ಮೇಲಿನ ಬಿಳಿ ಪುಡಿಯೇ ಯೀಸ್ಟ್ ಎಂದು ಅನೇಕರು ನಂಬಿರುತ್ತಾರೆ. ಅದು ಹಣ್ಣಿನ ಮೇಣ. ಯೀಸ್ಟ್ ಇರುವುದು ನಿಜ, ಆದರೆ ಗಾಯವಿಲ್ಲದ ಹಣ್ಣಿನ ಮೇಲೆ ಸ್ಯಾಕರೋಮೈಸಿಸ್ ತೀರಾ ಕಡಿಮೆ. ಹ್ಯಾನ್ಸೆನಿಯಾಸ್ಪೋರದಂಥ ಬೇರೆ ಯೀಸ್ಟ್‌ಗಳದ್ದೇ ಅಲ್ಲಿ ದರ್ಬಾರು. ನೇರವಾಗಿ ವೈಪಿಡಿ ಮೇಲೆ ಉಜ್ಜಿದರೆ ಬ್ಯಾಕ್ಟೀರಿಯಾ, ಬೂಸ್ಟು ಎಲ್ಲಾ ಒಟ್ಟಿಗೆ ಎದ್ದು ಬರುತ್ತವೆ. ಹಣ್ಣು ಕಿವುಚಿ, ತೊಳೆದ ಜಾಡಿಯಲ್ಲಿ ಹುಳಿಯಲು ಬಿಡಿ. ಆಲ್ಕೋಹಾಲ್ ಏರಿದಂತೆ ಉಳಿದವು ಸೋಲುತ್ತವೆ, ಸ್ಯಾಕರೋಮೈಸಿಸ್ ಮೇಲುಗೈ ಪಡೆಯುತ್ತದೆ. ಆಮೇಲೆ ಪ್ಲೇಟ್ ಹಾಕಿ. ಮೀಡಿಯಾಗೆ ಲೀಟರಿಗೆ 100 ಮಿಲಿಗ್ರಾಂ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯಾಟಿಕ್ ಸೇರಿಸಿದರೆ ಬ್ಯಾಕ್ಟೀರಿಯಾ ಕಾಟ ತಗ್ಗುತ್ತದೆ.

ಸಿಕ್ಕಿದ್ದು ಸ್ಯಾಕರೋಮೈಸಿಸ್ಸೇ ಹೌದೇ ಎಂಬ ಅನುಮಾನಕ್ಕೆ ಲೈಸಿನ್ ಅಗಾರ್ ಇದೆ. ಅದರಲ್ಲಿ ನೈಟ್ರೋಜನ್‌ಗೆ ಲೈಸಿನ್ ಒಂದೇ ಮೂಲ. ಸೆರೆವಿಸಿಯೆಗೆ ಅದನ್ನು ಬಳಸಲು ಬರುವುದಿಲ್ಲ, ಕಾಡು ಯೀಸ್ಟ್‌ಗಳಲ್ಲಿ ಎಷ್ಟೋ ಬಳಸುತ್ತವೆ. ನಿಮ್ಮ ಕಾಲೊನಿ ವೈಪಿಡಿಯಲ್ಲಿ ಬೆಳೆದು ಲೈಸಿನ್ ಅಗಾರ್‌ನಲ್ಲಿ ಬೆಳೆಯದಿದ್ದರೆ ಸಂತೋಷಪಡಿ, ಆದರೆ ಡಿಎನ್‌ಎ ಸೀಕ್ವೆನ್ಸ್ ನೋಡದೆ ಹೆಸರು ಬರೆಯಬೇಡಿ.

ಮೀಡಿಯಾದಲ್ಲಿನ ಸೂಕ್ಷ್ಮಜೀವಿ ಕೊಲ್ಲಲು ಕುದಿಸುವ ವಿಷಯ ಒಂದು ಉಳಿಯಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಹಬೆಯ ಒತ್ತಡದಲ್ಲಿ ಕಾಯಿಸುವ ಆಟೋಕ್ಲೇವ್‌ನ ಮುಳ್ಳು 15 ಪೌಂಡ್ ಒತ್ತಡ ತೋರಿಸಿದರೂ ಒಳಗಿನ ಬಿಸಿ 121 ಡಿಗ್ರಿಗಿಂತ ಒಂದೆರಡು ಡಿಗ್ರಿ ಕಡಿಮೆಯೇ ಇರುತ್ತದೆ. ಹಾಗಾಗಿ ನಾನು 15 ನಿಮಿಷದ ಬದಲು 20 ನಿಮಿಷ ಇಡುತ್ತೇನೆ. ಆದರೆ ಗ್ಲೂಕೋಸನ್ನು ಪೆಪ್ಟೋನ್ ಜೊತೆ ಅಷ್ಟು ಹೊತ್ತು ಕಾಯಿಸಿದರೆ ಮೀಡಿಯಾ ಕಂದಾಗುತ್ತದೆ. ಸಕ್ಕರೆಯನ್ನು ಬೇರೆ ಬಾಟಲಿಯಲ್ಲಿ ಕಾಯಿಸಿ, ಕೈಗೆ ತಡೆಯುವಷ್ಟು ಆರಿದ ಮೇಲೆ ಬೆರೆಸಿ. ತಡಮಾಡಬೇಡಿ, 40 ಡಿಗ್ರಿ ಹತ್ತಿರ ಬರುತ್ತಲೇ ಅಗಾರ್ ಫ್ಲಾಸ್ಕ್‌ನಲ್ಲೇ ಗಟ್ಟಿಯಾಗತೊಡಗುತ್ತದೆ.