ಡ್ರಿಬ್ಲಿಂಗ್ ಪ್ರಾಜೆಕ್ಟ್: ಒಂದೊಂದು ಕಾಲದ ರೂಲ್ ಹಿಡಿದು ಆಡಿ ನೋಡುತ್ತಾ, ಈಗ ಕ್ಯಾರಿ ತನಕ

ಹೊಸದಾಗಿ ಓದುವವರಿಗೆ ಮೊದಲು ಒಂದೆರಡು ಮಾತು. ಬಾಸ್ಕೆಟ್‌ಬಾಲ್‌ನಲ್ಲಿ ಚೆಂಡು ಪುಟಿಸುವ ರೀತಿ ಹೇಗೆ ಬದಲಾಗುತ್ತಾ ಬಂತು ಎಂದು ಓದಿ ತಿಳಿದರೆ ಸಾಲದು, ಕೈಯಾರೆ ಮಾಡಿ ನೋಡಬೇಕು ಎನ್ನುವುದು ನನ್ನ ಆಸೆ. ಅದಕ್ಕೆ ಒಂದೊಂದು ಕಾಲದ ರೂಲ್ ತೆಗೆದುಕೊಂಡು, ಗೆಳೆಯರ ಜೊತೆ ಅದರ ಒಳಗೇ ಆಡುತ್ತೇನೆ. ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ, ಅಂಗೈ ಎಲ್ಲಿತ್ತು, ಚೆಂಡು ಎಷ್ಟು ಹೊತ್ತು ಕೈಗೆ ತಾಗಿಕೊಂಡಿತ್ತು ಎಂದು ಫ್ರೇಮ್ ಬೈ ಫ್ರೇಮ್ ನೋಡುತ್ತೇನೆ. ಹಳೆಯ ಕಾಲದ ಭಾಗ ಮುಗಿದಿದೆ. ಈಗ ನಾನು ಕಾಯುತ್ತಿದ್ದ ಜಾಗಕ್ಕೆ ಬಂದಿದ್ದೇನೆ: ಕ್ಯಾರಿ, ಅಂದರೆ ಪುಟಿಸುವಾಗ ಚೆಂಡಿನ ಕೆಳಗೆ ಕೈಯಿಟ್ಟು ಅದನ್ನು ಹೊರುವ ತಪ್ಪು.

ಪುಟಿಸುವುದೇ ಇಲ್ಲದ ಆಟ

1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಶುರುಮಾಡಿದಾಗ ಬರೆದದ್ದು 13 ರೂಲ್‌ಗಳು. ಅದರಲ್ಲಿ ಡ್ರಿಬಲ್ ಎನ್ನುವುದೇ ಇಲ್ಲ. ಚೆಂಡು ಹಿಡಿದು ಓಡುವಂತಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು. ಜೋರಾಗಿ ಓಡುತ್ತಾ ಹಿಡಿದವನಿಗೆ ಮಾತ್ರ ಸ್ವಲ್ಪ ವಿನಾಯಿತಿ. ಇದರ ಹಿಂದೆ ಒಳ್ಳೆಯ ಲೆಕ್ಕಾಚಾರ ಇತ್ತು. ಯಾರೂ ಚೆಂಡು ಹಿಡಿದು ಓಡದಿದ್ದರೆ, ಯಾರನ್ನೂ ಕೆಡವಿ ನಿಲ್ಲಿಸುವ ಅಗತ್ಯವೇ ಬರುವುದಿಲ್ಲ.

ಈ ರೂಲ್‌ನಲ್ಲಿ ಆಡಿದರೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಪಾಸ್ ಕೊಡಲು ಯಾರೂ ಖಾಲಿ ಇಲ್ಲದಾಗ, ಸುತ್ತ ಕೈಗಳು ಮುಚ್ಚಿಕೊಂಡಾಗ, ಉಳಿಯುವುದು ಒಂದೇ ದಾರಿ. ಚೆಂಡನ್ನು ಪಕ್ಕಕ್ಕೆ ಉರುಳಿಸಿ ಅಥವಾ ಎಸೆದು, ತಾನೇ ಓಡಿಹೋಗಿ ಹಿಡಿಯುವುದು. ಯಾರೂ ಹೇಳಿಕೊಡದೆ ನಮ್ಮಲ್ಲಿ ಒಬ್ಬರು ಹಾಗೆ ಮಾಡಿಯೇ ಬಿಟ್ಟರು! ಡ್ರಿಬಲ್ ಹುಟ್ಟಿದ್ದೂ ಹೀಗೆಯೇ, ತನಗೆ ತಾನೇ ಕೊಟ್ಟುಕೊಳ್ಳುವ ಪಾಸ್ ಆಗಿ. ಕೆಲವರು ತಲೆಯ ಮೇಲೆ ಚೆಂಡನ್ನು ತಟ್ಟಿಕೊಂಡು ಓಡುತ್ತಿದ್ದರು, ಕೆಲವರು ನೆಲಕ್ಕೆ ಪುಟಿಸುತ್ತಿದ್ದರು. 1897ರ ಹೊತ್ತಿಗೆ ಯೇಲ್ ತಂಡ ಡ್ರಿಬಲ್ ಮಾಡುತ್ತಲೇ ಮುನ್ನುಗ್ಗುವ ಆಟಕ್ಕೆ ಹೆಸರಾಗಿತ್ತು. ತಲೆಯ ಮೇಲೆ ತಟ್ಟುವುದನ್ನು ನಾವೂ ಮಾಡಿ ನೋಡಿದೆವು. ಓಡುವಾಗ ಕಣ್ಣು ಮೇಲಕ್ಕೇ ಇರಬೇಕು, ಎದುರಿಗೆ ಬರುವವರು ಕಾಣುವುದೇ ಇಲ್ಲ. ಪುಟಿಸುವುದು ಯಾಕೆ ಗೆದ್ದಿತು ಎಂದು ಬೇರೆ ವಿವರಣೆ ಬೇಕಿಲ್ಲ, ಅಲ್ವಾ?

ಒಂದೇ ಪುಟಿತದ ಬೆದರಿಕೆ

ಆಮೇಲಿನ ವರ್ಷಗಳೆಲ್ಲ ಎಳೆದಾಟ. ಎರಡೂ ಕೈಯಲ್ಲಿ ಪುಟಿಸುವುದಕ್ಕೆ, ನಿಲ್ಲಿಸಿ ಮತ್ತೆ ಶುರುಮಾಡುವುದಕ್ಕೆ ತಡೆ ಬಂತು. ಅಮೆರಿಕದ ಕಾಲೇಜು ಆಟದಲ್ಲಿ ಡ್ರಿಬಲ್ ಮಾಡಿದವನೇ ಶೂಟ್ ಮಾಡುವ ಹಕ್ಕು ಗಟ್ಟಿಯಾಗಿ ಸಿಕ್ಕಿದ್ದು 1915-16ರ ಸೀಸನ್‌ನಲ್ಲಿ. ಶೂಟ್ ಮಾಡುವಂತಿಲ್ಲ ಎನ್ನುವ ರೂಲ್‌ನಲ್ಲಿ ಆಡಿದಾಗ, ನಾನು ಎಷ್ಟೇ ಚೆನ್ನಾಗಿ ಮುನ್ನುಗ್ಗಿದರೂ ಡಿಫೆಂಡರ್ ನನ್ನನ್ನು ಬಿಟ್ಟು ಪಾಸ್ ಹೋಗುವ ದಾರಿಯಲ್ಲೇ ನಿಂತುಬಿಡುತ್ತಿದ್ದರು. ಡ್ರಿಬಲ್‌ಗೆ ಹಲ್ಲೇ ಇಲ್ಲದ ಹಾಗೆ.

1927ರಲ್ಲಂತೂ ಡ್ರಿಬಲ್ ಮುಗಿದೇ ಹೋಗುವುದರಲ್ಲಿತ್ತು. ಪಾಸಿಂಗ್ ಆಟವೇ ನಿಜವಾದ ಆಟ ಎಂದು ನಂಬಿದ್ದ ವಿಸ್ಕಾನ್ಸಿನ್ ಕೋಚ್ ವಾಲ್ಟರ್ ಮೀನ್‌ವೆಲ್ ಮುಂತಾದವರ ಒತ್ತಾಯಕ್ಕೆ, ಒಂದೇ ಒಂದು ಸಲ ಪುಟಿಸಬಹುದು ಎಂದು ರೂಲ್ಸ್ ಸಮಿತಿ ತೀರ್ಮಾನ ಮಾಡಿತು. ಕ್ಯಾನ್ಸಸ್‌ನ ಫಾಗ್ ಅಲೆನ್ ಕೋಚ್‌ಗಳನ್ನೆಲ್ಲ ಒಟ್ಟು ಸೇರಿಸಿ ವಿರೋಧಿಸಿದರು. ತೀರ್ಮಾನ ವಾಪಸ್ ಹೋಯಿತು. ಆ ಒಗ್ಗಟ್ಟಿನಿಂದಲೇ ಅಮೆರಿಕದ ಕೋಚ್‌ಗಳ ರಾಷ್ಟ್ರೀಯ ಸಂಘ ಹುಟ್ಟಿತು. ಆ ಕೋಚ್‌ಗಳಿಗೆ ನಾನು ಮನಸಾರೆ ಕೃತಜ್ಞ. ಮಹಿಳೆಯರ ಆಟದಲ್ಲಿ ಮಾತ್ರ ಇಷ್ಟೇ ಸಲ ಪುಟಿಸಬೇಕು ಎನ್ನುವ ಮಿತಿ ದಶಕಗಳ ಕಾಲ ಉಳಿಯಿತು. ಅಮೆರಿಕದಲ್ಲಿ ಅದು ತೆರವಾಗಿದ್ದು 1966ರಲ್ಲಿ. ಇಷ್ಟು ವರ್ಷ ಅವರ ಕೈ ಕಟ್ಟಿಹಾಕಿದ್ದು ಅನ್ಯಾಯ ಎಂದೇ ನನಗೆ ಅನ್ನಿಸುತ್ತದೆ.

ಲೇಸ್ ಚೆಂಡು

ರೂಲ್ ಜೊತೆಗೆ ಚೆಂಡೂ ಬದಲಾಗಿದೆ. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಹಳೆಯ ಚರ್ಮದ ಚೆಂಡಿಗೆ ಒಳಗೆ ಬ್ಲಾಡರ್, ಹೊರಗೆ ಹೊಲಿಗೆ, ಒಂದು ಕಡೆ ಉಬ್ಬಿಕೊಂಡ ಲೇಸ್. ಅಂಥ ಚೆಂಡು ನನ್ನ ಹತ್ತಿರ ಇಲ್ಲ. ಇವತ್ತಿನ ಚೆಂಡಿನ ಒಂದು ಕಡೆ ದಪ್ಪ ದಾರ ಇಟ್ಟು ಮೇಲೆ ಟೇಪ್ ಸುತ್ತಿದೆ. ಆ ಭಾಗ ನೆಲಕ್ಕೆ ಬಡಿದಾಗೆಲ್ಲ ಚೆಂಡು ಪಕ್ಕಕ್ಕೆ ಹಾರುತ್ತದೆ, ಯಾವ ಕಡೆಗೆ ಎಂದು ಹೇಳಲಾಗುವುದಿಲ್ಲ. ಸ್ವಲ್ಪ ಹೊತ್ತು ಆಡಿದರೆ ಕೈ ತಾನಾಗಿಯೇ ದಾರಿ ಕಂಡುಕೊಳ್ಳುತ್ತದೆ. ಅಂಗೈ ನೇರ ಮೇಲೆ, ಪುಟಿತ ತಗ್ಗಿನಲ್ಲಿ, ಕಣ್ಣು ಚೆಂಡಿನ ಮೇಲೆ. ಹಳೆಯ ಫೋಟೋಗಳಲ್ಲಿ ಆಟಗಾರರು ಬಗ್ಗಿಕೊಂಡು ಪುಟಿಸುವುದಕ್ಕೆ ಚೆಂಡೂ ಒಂದು ಕಾರಣ ಎಂದು ಈಗ ನನಗೆ ನಂಬಿಕೆ ಬಂದಿದೆ. ಲೇಸ್ ಹೋಗಿ, ಅಚ್ಚಿನಲ್ಲಿ ಮಾಡಿದ ಗುಂಡನೆಯ ಚೆಂಡು ಬಂದಮೇಲೆ ತಲೆ ಎತ್ತಿ ಆಡುವುದು ಸುಲಭವಾಯಿತು.

ಅಂಗೈ ಮೇಲೆ ಇದ್ದ ಕಾಲ

ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡದ ಮಾರ್ಕೆಸ್ ಹೇನ್ಸ್ ಅವರ ಹಳೆಯ ವಿಡಿಯೋಗಳನ್ನು ನಾನು ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ. ಮೊಣಕಾಲೂರಿ, ನೆಲದ ಮೇಲೆ ಜಾರಿ, ಮಲಗಿಕೊಂಡೂ ಪುಟಿಸುತ್ತಾರೆ. ಚೆಂಡು ನೆಲದಿಂದ ಗೇಣುದ್ದ ಏಳುತ್ತದೆ ಅಷ್ಟೇ. ಅಷ್ಟು ತಗ್ಗಿನಲ್ಲಿ ಕೈ ಚೆಂಡಿನ ಕೆಳಗೆ ಹೋಗಲು ಜಾಗವೇ ಇಲ್ಲ. ಕ್ಯಾರಿ ಎನ್ನುವ ಪ್ರಶ್ನೆಯೇ ಏಳದ ಡ್ರಿಬ್ಲಿಂಗ್ ಅದು. ನನ್ನ ಕೈಗೆ ಅತಿ ಕಷ್ಟವಾಗಿದ್ದೂ ಅದೇ. ಬೆರಳ ತುದಿಗಳಿಂದ ಎಷ್ಟು ಚುರುಕಾಗಿ ತಟ್ಟಬೇಕೆಂದರೆ ಮುಂಗೈ ಬೇಗ ಸೋತುಹೋಗುತ್ತದೆ.

ಬಾಸ್ಟನ್ ಸೆಲ್ಟಿಕ್ಸ್‌ನ ಬಾಬ್ ಕೂಸಿ ಬೆನ್ನ ಹಿಂದಿನ ಡ್ರಿಬಲ್ ಅನ್ನು ದೊಡ್ಡ ಆಟಗಳಿಗೆ ತಂದರು. 1953ರ ಮಾರ್ಚ್ 21ರಂದು ಪ್ಲೇಆಫ್‌ನಲ್ಲಿ ನಾಲ್ಕು ಓವರ್‌ಟೈಮ್‌ಗೆ ಹೋದ ಆಟದಲ್ಲಿ ಅವರು 50 ಪಾಯಿಂಟ್ ಗಳಿಸಿದರು, ಅದರಲ್ಲಿ 30 ಫ್ರೀ ಥ್ರೋಗಳಿಂದಲೇ, ಅಂದರೆ ಎದುರಾಳಿಯ ಫೌಲ್‌ಗೆ ಸಿಗುವ ಎಸೆತಗಳಿಂದ. ಆಗ ಶಾಟ್ ಕ್ಲಾಕ್, ಅಂದರೆ ಇಷ್ಟು ಸೆಕೆಂಡಿನೊಳಗೆ ಶೂಟ್ ಮಾಡಲೇಬೇಕು ಎನ್ನುವ ಮಿತಿ, ಇರಲಿಲ್ಲ. ಮುಂದಿರುವ ತಂಡ ಒಳ್ಳೆಯ ಡ್ರಿಬ್ಲರ್ ಕೈಗೆ ಚೆಂಡು ಕೊಟ್ಟು ಹೊತ್ತು ಕಳೆಯಬಹುದಿತ್ತು. ತಡೆಯಲು ಎದುರಾಳಿಗೆ ಉಳಿದ ದಾರಿ ಫೌಲ್ ಮಾಡುವುದು. 1954ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ 24 ಸೆಕೆಂಡಿನ ಮಿತಿ ತಂದಮೇಲೆ ಡ್ರಿಬಲ್‌ನ ಕೆಲಸವೇ ಬದಲಾಯಿತು. ಚೆಂಡು ಕಾಪಾಡಿಕೊಳ್ಳುವುದಕ್ಕಿಂತ ಡಿಫೆಂಡರ್‌ನನ್ನು ದಾಟುವುದು ಮುಖ್ಯವಾಯಿತು. ಅರ್ಲ್ ಮನ್ರೋ ಅವರ ಸ್ಪಿನ್, ಪೀಟ್ ಮರಾವಿಚ್ ಅವರ ಕೈಚಳಕ ಎಲ್ಲ ಆಮೇಲೆ ಬಂದವು.

ಕ್ರಾಸ್‌ಓವರ್ ಮತ್ತು ಸೀಟಿ

ಕ್ರಾಸ್‌ಓವರ್ ಎಂದರೆ ಚೆಂಡನ್ನು ಮೈ ಮುಂದೆ ಒಂದು ಕೈಯಿಂದ ಇನ್ನೊಂದು ಕೈಗೆ ಪುಟಿಸಿ ದಿಕ್ಕು ಬದಲಿಸುವುದು. ಅಂಗೈ ಪೂರ್ತಿ ಮೇಲಿಟ್ಟು ಅದನ್ನು ಮಾಡಿದರೆ ಚೆಂಡು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೇ ಅಗಲ. ಇನ್ನೂ ಅಗಲ ಬೇಕು ಎಂದರೆ ಚೆಂಡನ್ನು ಪಕ್ಕದಿಂದ ತಳ್ಳಬೇಕು, ಅದಕ್ಕೆ ಅಂಗೈ ಪಕ್ಕಕ್ಕೆ ಬರಲೇಬೇಕು. ಟಿಮ್ ಹಾರ್ಡವೇ ಕಾಲುಗಳ ನಡುವೆ ಒಂದು ಸಲ ಪುಟಿಸಿ, ತಕ್ಷಣ ಕ್ರಾಸ್ ಮಾಡಿ ಡಿಫೆಂಡರ್‌ಗಳನ್ನು ದಂಗುಬಡಿಸಿದರು. ಆಲನ್ ಐವರ್ಸನ್ ಅದನ್ನು ಇನ್ನೂ ಅಗಲ ಮಾಡಿದರು. ಜಾರ್ಜ್‌ಟೌನ್ ಕಾಲೇಜಿನಲ್ಲಿ ಜೊತೆಗೆ ಪ್ರಾಕ್ಟೀಸ್ ಮಾಡುತ್ತಿದ್ದ ಡೀನ್ ಬೆರಿ ಎಂಬ ಆಟಗಾರನಿಂದ ಅವರು ಅದನ್ನು ಕಲಿತದ್ದು. 1997ರ ಮಾರ್ಚ್ 12ರಂದು ಫಿಲಡೆಲ್ಫಿಯಾದಲ್ಲಿ ಮೈಕೆಲ್ ಜೋರ್ಡನ್ ಎದುರು ಮೊದಲು ಒಂದು ಚಿಕ್ಕ ಕ್ರಾಸ್ ಮಾಡಿದರು. ಜೋರ್ಡನ್ ಅದಕ್ಕೆ ಅಲುಗಿದ್ದು ನೋಡಿ, ಮುಂದಿನದು ದೊಡ್ಡದು. ಜೋರ್ಡನ್ ಕಾಲು ಒಂದು ಕಡೆ ಹೋಯಿತು, ಐವರ್ಸನ್ ಇನ್ನೊಂದು ಕಡೆ ಎದ್ದು ಶೂಟ್ ಮಾಡಿದರು. ಆದರೂ ಜೋರ್ಡನ್ ತಿರುಗಿ ಬಂದು ಚೆಂಡಿಗೆ ಕೈ ತಾಗಿಸುವಷ್ಟು ಹತ್ತಿರ ಬಂದದ್ದು ನನಗೆ ಅಷ್ಟೇ ಇಷ್ಟ.

ಅದು ಕ್ಯಾರಿಯೇ ಅಲ್ಲವೇ ಎನ್ನುವ ಜಗಳ ಇನ್ನೂ ನಿಂತಿಲ್ಲ. ಎನ್‌ಬಿಎ ರೂಲ್ ಹೇಳುವುದು ಹೀಗೆ: ಡ್ರಿಬಲ್ ಮಾಡುವಾಗ ಕೈಯ ಯಾವ ಭಾಗವನ್ನೂ ಚೆಂಡಿನ ಕೆಳಗಿಟ್ಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಂತಿಲ್ಲ, ಹಾಗೆ ನಿಲ್ಲಿಸಿ ಮತ್ತೆ ಪುಟಿಸುವಂತಿಲ್ಲ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ಫಿಬಾದ ರೂಲ್ ನೋಡುವುದು ಚೆಂಡನ್ನು. ಅದು ಕೈಯಲ್ಲಿ ನಿಶ್ಚಲವಾಗಿ ನಿಂತರೆ ಡ್ರಿಬಲ್ ಮುಗಿಯಿತು. ರೆಫ್ರಿ ಅಂಗೈಯನ್ನು ಅರ್ಧ ಸುತ್ತು ತಿರುಗಿಸಿ ಸನ್ನೆ ಮಾಡುತ್ತಾರಲ್ಲ, ಅದನ್ನೇ ನೋಡಿ ನೋಡಿ ನಾವೆಲ್ಲ ಅಂಗೈ ತಿರುಗಿತೇ ಎಂದಷ್ಟೇ ಹುಡುಕುತ್ತೇವೆ.

ನನ್ನ 48 ಫ್ರೇಮ್ ಪರೀಕ್ಷೆ

ಈ ಸಲದ ನಿಜವಾದ ಕೆಲಸ ಇದು. ಮೇಲೆ ಹೋಗುವ ಯಾವ ಚೆಂಡೂ ತುತ್ತತುದಿಯಲ್ಲಿ ಒಂದು ಕ್ಷಣ ನಿಂತಂತೆ ಕಾಣುತ್ತದೆ. ಕೈ ಮುಟ್ಟದೆ ಬಿಟ್ಟರೂ ಅಷ್ಟೇ. ಹಾಗಾದರೆ ಕೈ ಹಿಡಿದು ನಿಲ್ಲಿಸಿದ್ದನ್ನು ಹೇಗೆ ಗುರುತಿಸುವುದು? ಲೆಕ್ಕ ಸುಲಭ. ತುದಿಯಿಂದ ಬೀಳುವ ಚೆಂಡು 0.1 ಸೆಕೆಂಡಿನಲ್ಲಿ ಸುಮಾರು 5 ಸೆಂ.ಮೀ. ಇಳಿಯುತ್ತದೆ. ಹತ್ತುವಾಗ ಕೊನೆಯ 5 ಸೆಂ.ಮೀ.ಗೂ ಅಷ್ಟೇ ಹೊತ್ತು. ಅಂದರೆ ತುದಿಯ 5 ಸೆಂ.ಮೀ. ಪಟ್ಟಿಯಲ್ಲಿ ಚೆಂಡು ತಾನಾಗಿ ಇರುವುದು ಒಟ್ಟು 0.2 ಸೆಕೆಂಡ್. ಸೆಕೆಂಡಿಗೆ 240 ಫ್ರೇಮ್ ವಿಡಿಯೋದಲ್ಲಿ ಅದು 48 ಫ್ರೇಮ್. ಅಳತೆಪಟ್ಟಿಯೂ ಬೇಡ. ಚೆಂಡಿನ ಅಡ್ಡಳತೆ ಸುಮಾರು 24 ಸೆಂ.ಮೀ., ಅದರ ಐದರಲ್ಲೊಂದು ಭಾಗ ಎಂದರೆ ಸರಿಯಾಗಿ ನಮ್ಮ ಪಟ್ಟಿ.

ಇದರ ಚೆಂದ ಇರುವುದು ಇಲ್ಲಿ. ಮೇಲಿನಿಂದ ಕೈ ಒತ್ತಿದರೆ ಚೆಂಡು ಬೇಗ ತಿರುಗುತ್ತದೆ, ಫ್ರೇಮ್ ಕಮ್ಮಿಯಾಗುತ್ತದೆ. 48 ದಾಟಬೇಕಾದರೆ ಏನೋ ಒಂದು ಅದನ್ನು ಮೇಲಕ್ಕೆ ಎತ್ತಿ ಹಿಡಿದಿರಲೇಬೇಕು, ಕೆಳಗಿನ ಬೆರಳೋ, ಬಿಗಿಯಾದ ಹಿಡಿತವೋ. ಸುಮ್ನೆ ಕಣ್ಣಳತೆಯ ಮೇಲೆ ವಾದ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಅಗಲದ ಕ್ರಾಸ್‌ಓವರ್ ಮೊದಲು ನೋಡಿದೆ. ನಿಲ್ಲಿಸಿದ ಫೋಟೋದಲ್ಲಿ ಅದು ಪಕ್ಕಾ ಕ್ಯಾರಿ ಎನ್ನಿಸುತ್ತದೆ: ಅಂಗೈ ಪಕ್ಕಕ್ಕೆ ತಿರುಗಿದೆ, ಬೆರಳುಗಳು ನೆಲದ ಕಡೆ. ಆದರೆ ಫ್ರೇಮ್ ಎಣಿಸಿದರೆ ಹೆಚ್ಚಿನವು 48ರ ಒಳಗೇ ಬಂದವು. ಚೆಂಡು ಹತ್ತುತ್ತಲೇ ಇತ್ತು, ಕೈ ಅದನ್ನು ಪಕ್ಕಕ್ಕೆ ತಳ್ಳುತ್ತಿತ್ತು, ಹೊರುತ್ತಿರಲಿಲ್ಲ. ಹೆಸಿಟೇಶನ್, ಅಂದರೆ ನಿಲ್ಲುವವರ ಹಾಗೆ ನಟಿಸಿ ಮತ್ತೆ ನುಗ್ಗುವುದು, ಬೇರೆಯದೇ ಕಥೆ. ಶೂಟ್ ಮಾಡುವವರ ಹಾಗೆ ಮೈ ನೆಟ್ಟಗಾಗುತ್ತದೆ, ಕಾಲು ಸಣ್ಣಗೆ ಕುಣಿಯುತ್ತದೆ, ಚೆಂಡು ಸೊಂಟದ ಹತ್ತಿರ ತೇಲಿದ ಹಾಗೆ ಕಾಣುತ್ತದೆ. ಡಿಫೆಂಡರ್ ಮೋಸಹೋಗುವಷ್ಟು ಚೆನ್ನಾಗಿ ಮಾಡಿದಾಗೆಲ್ಲ ಎಣಿಕೆ 60 ದಾಟಿತು. ಅಷ್ಟು ಹೊತ್ತೂ ಎರಡು ಬೆರಳು ಚೆಂಡಿನ ಅಡಿಯಲ್ಲಿ. 2022ರ ನವೆಂಬರ್‌ನಲ್ಲಿ ಎನ್‌ಬಿಎ ರೆಫ್ರಿಗಳು ಕ್ಯಾರಿಗೆ ಜಾಸ್ತಿ ಸೀಟಿ ಊದಲು ಶುರುಮಾಡಿದಾಗ ಸಿಕ್ಕಿಬಿದ್ದದ್ದೂ ಮುಖ್ಯವಾಗಿ ಇಂಥ ಹೆಸಿಟೇಶನ್‌ಗಳೇ. ಅದು ಸರಿಯಾದ ಸೀಟಿ ಎಂದೇ ನನ್ನ ಅಭಿಪ್ರಾಯ. ಡಿಫೆಂಡರ್‌ಗೆ ಕೈ ಒತ್ತಿ ತಡೆಯುವ ಅವಕಾಶ 2004-05ರಿಂದ ಇನ್ನೂ ಕಮ್ಮಿಯಾಗಿದೆ. ಅದರ ಮೇಲೆ ಚೆಂಡು ನಿಲ್ಲಿಸುವ ಅವಕಾಶವನ್ನೂ ಕೊಟ್ಟರೆ ಡಿಫೆಂಡರ್‌ಗೆ ಉಳಿಯುವುದೇನು?

ಡ್ರಿಬಲ್ ಮುಗಿಸಿ ಚೆಂಡು ಹಿಡಿಯುವಾಗಿನ ಹೆಜ್ಜೆಯದು, ಅಂದರೆ ಫಿಬಾ 2017ರಲ್ಲಿ ತಂದ ಝೀರೋ ಸ್ಟೆಪ್‌ನದು, ಬೇರೆಯೇ ಅಧ್ಯಾಯ. ಅದನ್ನು ಇಲ್ಲಿಗೆ ಎಳೆಯುವುದಿಲ್ಲ.

ಮುಂದಿನ ಕೆಲಸ ಎರಡು. ಈಗಿನ ವಿಡಿಯೋಗಳೆಲ್ಲ ನಿಧಾನ ಓಟದವು. ಪೂರ್ತಿ ವೇಗದಲ್ಲಿ ಓಡುವಾಗ ಚೆಂಡು ಕ್ಯಾಮೆರಾದಿಂದ ದೂರ ಸರಿದು ಚಿಕ್ಕದಾಗಿ ಕಾಣುತ್ತದೆ, ಪಟ್ಟಿಯ ಅಳತೆಯನ್ನು ಪ್ರತಿ ಫ್ರೇಮ್‌ಗೂ ಹೊಂದಿಸಬೇಕು. ಇನ್ನೊಂದು, ಎರಡು ಬೆರಳು ಅಡಿಗೆ ಹೋಗದ ಹಾಗೆ ಹೆಸಿಟೇಶನ್ ಕಲಿಯುವುದು. ಪುಟಿತವನ್ನು ಸ್ವಲ್ಪ ಜೋರಾಗಿ, ಎದೆಯ ಮಟ್ಟಕ್ಕೆ ಹಾಕಿದರೆ ಚೆಂಡು ಹತ್ತಿ ಇಳಿಯುವುದಕ್ಕೇ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲೇ ಭುಜ, ಕಣ್ಣು, ಕಾಲಿನಿಂದ ಡಿಫೆಂಡರ್‌ನನ್ನು ನಿಲ್ಲಿಸಬಹುದು. ಬಲಗೈಯಲ್ಲಿ ಇದು ಬರಲು ಶುರುವಾಗಿದೆ, ಎಣಿಕೆಯೂ 48ರ ಒಳಗೇ ಇದೆ. ಎಡಗೈಯದು ಇನ್ನೂ ಬಾಕಿ.